ಠೇವಣಿ ಇಡುವವರು, ಇಡಿಸಿಕೊಳ್ಳುವವರು

ಚುನಾವಣೆಯ ಮತ ಎಣಿಕೆ ಮುಗಿದ ಮರುದಿನ ಶಿವಮೊಗ್ಗದ ಯಾವ ಹೋಟೆಲಿನಲ್ಲಿ ಕುಳಿತರೂ ಯಾರು ಗೆದ್ದರು ಎನ್ನುವುದರ ಬೆನ್ನಿಗೇ ಕೇಳಿಬರುವ ಮಾತು ಯಾರ ಠೇವಣಿ ಹೋಯಿತು ಎನ್ನುವುದು. 2024ರ ಲೋಕಸಭಾ ಚುನಾವಣೆಯಲ್ಲಿ ಪಕ್ಷದ ಮೇಲೆ ಮುನಿಸಿಕೊಂಡು ಪಕ್ಷೇತರರಾಗಿ ನಿಂತ ಮಾಜಿ ಉಪಮುಖ್ಯಮಂತ್ರಿ ಕೆ.ಎಸ್. ಈಶ್ವರಪ್ಪನವರು ಮೂವತ್ತು ಸಾವಿರದ ಆಸುಪಾಸಿನಲ್ಲಿ ಮತ ಪಡೆದು ಠೇವಣಿ ಕಳೆದುಕೊಂಡಾಗ, ಅವರು ಗೆಲ್ಲಲಿಲ್ಲ ಎಂಬುದಕ್ಕಿಂತ ಅವರ ಠೇವಣಿ ಉಳಿಯಲಿಲ್ಲ ಎಂಬುದೇ ದೊಡ್ಡ ಚರ್ಚೆಯಾಯಿತು. ಹೋದದ್ದು ಇಪ್ಪತ್ತೈದು ಸಾವಿರ ರೂಪಾಯಿ. ಬೈಂದೂರಿನ ಕಡಲ ದಂಡೆಯವರೆಗೂ ಹರಡಿಕೊಂಡಿರುವ ಈ ಕ್ಷೇತ್ರದಲ್ಲಿ ಒಂದು ದಿನದ ಪ್ರಚಾರಕ್ಕೆ ಹೊರಡುವ ವಾಹನಗಳ ಡೀಸೆಲ್ಲಿಗೂ ಬಹುಶಃ ಆ ಹಣ ಸಾಲದು. ಆದರೂ ಸೋತವರ ಲೆಕ್ಕದಲ್ಲಿ ಊರು ಎಣಿಸುವುದು ಆ ಹಣವನ್ನೇ. ದಶಕಗಳ ಕಾಲ ರಾಜಕೀಯದಲ್ಲಿದ್ದವರಿಗೆ ಅದು ದುಡ್ಡಿನ ನಷ್ಟವಲ್ಲ, ಮಾನದ ಪ್ರಶ್ನೆ.

ಈ ಕುರಿತು ಕಾನೂನು ಹೇಳುವುದು ಸ್ಪಷ್ಟವಾಗಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 34ನೆಯ ಕಲಮಿನಂತೆ ಲೋಕಸಭೆಗೆ ನಿಲ್ಲುವವರು 25,000 ರೂಪಾಯಿ, ವಿಧಾನಸಭೆಗೆ ನಿಲ್ಲುವವರು 10,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಮತ ಬರದಿದ್ದರೆ ಆ ಹಣ ಸರ್ಕಾರದ ಖಜಾನೆಗೆ ಸೇರುತ್ತದೆ. ನೋಟಾಕ್ಕೆ ಬಿದ್ದ ಮತಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಬ್ಬರು ಬಲಿಷ್ಠರು ಸೆಣಸುವ ಕ್ಷೇತ್ರದಲ್ಲಿ ಮೂರನೆಯವರಿಗೆ ಆರನೆಯ ಒಂದು ಪಾಲು ಸಿಗುವುದೇ ಅಪರೂಪ. ಹಾಗಾಗಿ ಠೇವಣಿ ಕಳೆದುಕೊಳ್ಳುವುದು ಈ ದೇಶದಲ್ಲಿ ಅಪವಾದವಲ್ಲ, ಬಹುಪಾಲು ಅಭ್ಯರ್ಥಿಗಳ ಪಾಡೇ ಅದು.

ಮೊದಲಿಗೆ ಈ ಮೊತ್ತ ಲೋಕಸಭೆಗೆ 500, ವಿಧಾನಸಭೆಗೆ 250 ರೂಪಾಯಿ ಇತ್ತು. 1951ರಲ್ಲಿ ಐನೂರು ರೂಪಾಯಿ ಸಣ್ಣ ಹಣವಲ್ಲ. ಗೇಣಿ ಕೊಟ್ಟು ಉಳಿದದ್ದರಲ್ಲಿ ವರ್ಷ ದೂಡುತ್ತಿದ್ದ ಮಲೆನಾಡಿನ ಒಕ್ಕಲು ಮನೆಯೊಂದು ಅಷ್ಟನ್ನು ಒಟ್ಟಿಗೆ ಕಣ್ಣಲ್ಲಿ ಕಾಣುವುದೇ ಕಷ್ಟವಿತ್ತು. ಆದರೆ ಬೆಲೆಗಳು ಏರುತ್ತ ಹೋದವು, ಠೇವಣಿ ಮಾತ್ರ ನಾಲ್ಕು ದಶಕ ಕಳೆದರೂ ಅಲ್ಲೇ ಉಳಿಯಿತು. 1996ರ ಹೊತ್ತಿಗೆ ಐನೂರು ರೂಪಾಯಿ ಎಷ್ಟು ಹಗುರವಾಗಿತ್ತೆಂದರೆ ಆ ವರ್ಷ ಲೋಕಸಭೆಗೆ ಒಟ್ಟು 13,952 ಮಂದಿ ಕಣದಲ್ಲಿದ್ದರು. ನಮ್ಮ ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಅಭ್ಯರ್ಥಿಗಳು, ಆಗಿನ ಆಂಧ್ರದ ನಲ್ಗೊಂಡದಲ್ಲಿ 480, ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033. ಮತಪತ್ರ ಹಾಳೆಯಾಗಿ ಉಳಿಯದೆ ಪುಸ್ತಕವೇ ಆಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಲೋಕಸಭೆಯ ಠೇವಣಿಯನ್ನು 10,000ಕ್ಕೆ ಏರಿಸಲಾಯಿತು. ನೋಂದಾಯಿತ ಮಾನ್ಯ ಪಕ್ಷಗಳವರನ್ನು ಬಿಟ್ಟು ಉಳಿದವರಿಗೆ ಹತ್ತು ಮಂದಿ ಸೂಚಕರು ಬೇಕೆಂಬ ನಿಯಮವೂ ಬಂತು. 1998ರ ಚುನಾವಣೆಯಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಈಗಿನ ಮೊತ್ತಗಳು 2010ರಿಂದ ಜಾರಿಯಲ್ಲಿವೆ.

ತಿದ್ದುಪಡಿ ಕೆಲಸ ಮಾಡಿತು ಎಂದು ಆಡಳಿತಗಾರರು ಹೇಳಬಹುದು, ಅಂಕಿಗಳೂ ಅವರ ಪರವಾಗಿಯೇ ಇವೆ. ನನಗೆ ಮಾತ್ರ ಆ ಸಾವಿರಾರು ಜನ ಯಾರಾಗಿದ್ದರು ಎಂಬ ಪ್ರಶ್ನೆ ಮುಖ್ಯವೆನಿಸುತ್ತದೆ. ನಲ್ಗೊಂಡದಲ್ಲಿ ನಾಮಪತ್ರ ಸಲ್ಲಿಸಿದ ನೂರಾರು ಮಂದಿ ಸಂಸತ್ತಿಗೆ ಹೋಗುವ ಆಸೆಯಿಂದ ನಿಂತವರಲ್ಲ. ಕುಡಿಯುವ ನೀರಿನಲ್ಲಿದ್ದ ಫ್ಲೋರೈಡಿನಿಂದ ಮೂಳೆ ಸೊಟ್ಟಗಾಗುತ್ತಿದ್ದ ಹಳ್ಳಿಗಳತ್ತ ದೇಶ ತಿರುಗಿ ನೋಡಲಿ ಎಂದು ನಿಂತವರು. ಬೆಳಗಾವಿಯಲ್ಲಿ ನಿಂತವರ ಉದ್ದೇಶ ಗಡಿ ವಿವಾದವನ್ನು ದಿಲ್ಲಿಯ ಕಣ್ಣಿಗೆ ತರುವುದಾಗಿತ್ತು. ಅವರ ನಿಲುವನ್ನು ನಾನು ಒಪ್ಪುವುದಿಲ್ಲ, ಆದರೆ ಅವರು ಬಳಸಿಕೊಂಡ ದಾರಿ ಅದೇ. ಐನೂರು ರೂಪಾಯಿ ಕೊಟ್ಟು ದೇಶದ ಮುಂದೆ ಒಂದು ಅರ್ಜಿ ಇಡುವ ಅವಕಾಶ ಅಲ್ಲಿತ್ತು. ಠೇವಣಿ ಏರಿದಾಗ ಮುಚ್ಚಿದ್ದು ಆ ಬಾಗಿಲು. ಹಣವಂತರಿಗೆ ಅದರಿಂದ ಕೂದಲೂ ಕೊಂಕಲಿಲ್ಲ. ಇಂದು ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯೊಬ್ಬರು ಕಾನೂನುಬದ್ಧವಾಗಿ ಖರ್ಚು ಮಾಡಬಹುದಾದ ಮಿತಿ 95 ಲಕ್ಷ, ವಿಧಾನಸಭೆಗಾದರೆ 40 ಲಕ್ಷ. ಠೇವಣಿ ಆ ಮಿತಿಯ ಹೆಚ್ಚುಕಡಿಮೆ ನಾನೂರನೆಯ ಒಂದು ಪಾಲು, ಅಷ್ಟೇ. ಮಿತಿಯ ಆಚೆ ಹರಿಯುವ ಹಣದ ಮಾತನ್ನು ಇಲ್ಲಿ ಎತ್ತುವ ಅಗತ್ಯವೇ ಇಲ್ಲ.

ನಮ್ಮ ಜಿಲ್ಲೆಯ ಹಿರಿಯರು ಈ ಮಾತು ಬಂದಾಗ ಶಾಂತವೇರಿ ಗೋಪಾಲಗೌಡರನ್ನು ನೆನೆಯುತ್ತಾರೆ. ಸಮಾಜವಾದಿ ಪಕ್ಷದಿಂದ 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದ ಗೌಡರ ಕೈಯಲ್ಲಿ ದುಡ್ಡಿರಲಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದರು. ಗೌಡರು ಮತದಾರರನ್ನು ಓಟಿನ ಜೊತೆಗೆ ಒಂದು ನೋಟನ್ನೂ ಕೇಳಿ ಚುನಾವಣೆ ಎದುರಿಸಿದ್ದನ್ನು ಇಲ್ಲಿನವರು ಮಕ್ಕಳಿಗೂ ಹೇಳಿಕೊಟ್ಟಿದ್ದಾರೆ. ಆದರ್ಶದ ಕತೆಯಾಗಿ ಮಾತ್ರ ಅದನ್ನು ಕೇಳುವವರು ಅದರಲ್ಲಿರುವ ವ್ಯವಹಾರದ ಜಾಣತನವನ್ನು ಗಮನಿಸುವುದಿಲ್ಲ. ಒಂದು ರೂಪಾಯಿ ಕೊಟ್ಟ ಒಕ್ಕಲಿಗ ಮುಂದೆ ಐದು ವರ್ಷ ಆ ಶಾಸಕನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಬಲ್ಲ. ಇಸಿದುಕೊಂಡವನು ಉತ್ತರ ಹೇಳಬೇಕಾಗುತ್ತದೆ. ಸರ್ಕಾರಿ ಖಜಾನೆಯಲ್ಲಿ ಇಟ್ಟ ಠೇವಣಿಗೆ ಈ ಗುಣವಿಲ್ಲ. ಗೆದ್ದವರಿಗೆ ಅದು ಹಾಗೇ ವಾಪಸಾಗುತ್ತದೆ, ಕೊಟ್ಟ ಮಾತಿಗೂ ಅದಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ವಿಚಾರ ಇದೇ. ಒಬ್ಬರು ಇನ್ನೊಬ್ಬರ ಬಳಿ ಹಣ ಇಡುವುದೆಂದರೆ ಮಾತು ತಪ್ಪುವುದಿಲ್ಲ ಎಂಬುದಕ್ಕೆ ಒತ್ತೆ ಇಟ್ಟಂತೆ. ಹಾಗಿದ್ದರೆ ಮಾತು ತಪ್ಪುವ ಶಕ್ತಿ ಯಾರಿಗೆ ಹೆಚ್ಚೋ ಅವರಿಂದ ಒತ್ತೆ ಕೇಳಬೇಕು. ನಮ್ಮ ಸಾರ್ವಜನಿಕ ಬದುಕಿನಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ: ದುರ್ಬಲರು ಇಡುತ್ತಾರೆ, ಬಲವಿದ್ದವರು ಇಡಿಸಿಕೊಳ್ಳುತ್ತಾರೆ.

ವಿದ್ಯುತ್ತಿನ ಉದಾಹರಣೆ ಎಲ್ಲ ಮನೆಗಳಿಗೂ ಗೊತ್ತು. ಸಂಪರ್ಕ ಪಡೆಯುವಾಗ ಭದ್ರತಾ ಠೇವಣಿ ಕಟ್ಟುತ್ತೇವೆ. ಬಳಕೆ ಹೆಚ್ಚಾದರೆ ಹೆಚ್ಚುವರಿ ಠೇವಣಿ ಕಟ್ಟಿ ಎಂದು ಬಿಲ್ಲಿನ ಜೊತೆ ನೋಟಿಸು ಬರುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೆಯ ಕಲಮು ಇದಕ್ಕೆ ಅಧಿಕಾರ ಕೊಡುತ್ತದೆ, ಆ ಹಣಕ್ಕೆ ಬಡ್ಡಿ ಕೊಡಬೇಕೆಂದೂ ಹೇಳುತ್ತದೆ. ಅದೇ ಕಾಯ್ದೆಯ 57ನೆಯ ಕಲಮಿನಲ್ಲಿ ಸೇವೆಯ ಮಾನದಂಡ ಪಾಲಿಸದ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಬೇಕೆಂಬ ಮಾತೂ ಇದೆ. ಆಷಾಢದ ಗಾಳಿಗೆ ಮರ ಬಿದ್ದು ವಾರಗಟ್ಟಲೆ ಕತ್ತಲಲ್ಲಿ ಕೂರುವ ಮಲೆನಾಡಿನ ಹಳ್ಳಿಗಳಲ್ಲಿ ಅಂಥ ಪರಿಹಾರ ಪಡೆದವರನ್ನು ನಾನಂತೂ ಕಂಡಿಲ್ಲ. ನಾವು ಬಿಲ್ಲು ಕಟ್ಟದೆ ಹೋದೇವು ಎಂಬ ಸಂಶಯಕ್ಕೆ ಒತ್ತೆ ಮೊದಲೇ ಸಿದ್ಧವಿರುತ್ತದೆ. ಕರೆಂಟು ಬಾರದೆ ಹೋದೀತು ಎಂಬ ನಮ್ಮ ಸಂಶಯಕ್ಕೆ ಅರ್ಜಿ ಬರೆಯಬೇಕು. ಬಾಡಿಗೆ ಮನೆಯ ಮುಂಗಡವೂ ಇದೇ ಜಾತಿಯದು. ಶಿವಮೊಗ್ಗದ ಮಕ್ಕಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹೊಂದಿಸಲು ಇಲ್ಲಿ ಅಪ್ಪ ಎಫ್‌ಡಿ ಮುರಿಸುತ್ತಾನೆ. ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳದ್ದು ಮುರಿದುಕೊಳ್ಳುವುದನ್ನು ಯಾರೂ ಪ್ರಶ್ನಿಸುವುದೇ ಇಲ್ಲ.

ಬಲವಿದ್ದವರಿಂದಲೂ ಒತ್ತೆ ಕೇಳಲು ಕಾನೂನಿಗೆ ಬರುವುದಿಲ್ಲ ಎಂದಲ್ಲ. ರಸ್ತೆ ಅಪಘಾತದ ಪರಿಹಾರದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಗುವ ವಿಮಾ ಕಂಪನಿ, ಮೋಟಾರು ವಾಹನ ಕಾಯ್ದೆಯ 173ನೆಯ ಕಲಮಿನಂತೆ 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಎರಡರಲ್ಲಿ ಕಡಿಮೆಯಾದುದನ್ನು ಮೊದಲು ನ್ಯಾಯಾಲಯದಲ್ಲಿ ಇಡಬೇಕು. ಚೆಕ್ ಬೌನ್ಸ್ ಪ್ರಕರಣದಲ್ಲಿ ಶಿಕ್ಷೆಯಾದವರು ಮೇಲ್ಮನವಿ ಹೋದಾಗ ದಂಡ ಅಥವಾ ಪರಿಹಾರದ ಕನಿಷ್ಠ ಶೇಕಡಾ 20ರಷ್ಟನ್ನು ಠೇವಣಿ ಇಡುವಂತೆ ಆದೇಶಿಸುವ ಅಧಿಕಾರ 2018ರ ತಿದ್ದುಪಡಿಯಿಂದ ನ್ಯಾಯಾಲಯಕ್ಕೆ ಸಿಕ್ಕಿದೆ. ಇವು ಸರಿಯಾದ ದಿಕ್ಕಿನ ನಿಯಮಗಳು, ಮೊದಲನೆಯದರ ಮೊತ್ತ ಇಂದು ನಗೆ ಬರಿಸುವಷ್ಟು ಚಿಕ್ಕದಾಗಿದ್ದರೂ.

ಬ್ಯಾಂಕಿನ ವಿಷಯಕ್ಕೆ ಬಂದರೆ ಈ ದಿಕ್ಕಿನ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ, ಏಕೆಂದರೆ ಅಲ್ಲಿ ಬಹಳಷ್ಟು ಜನ ತಾವು ಮಾಡುತ್ತಿರುವುದು ಏನೆಂದೇ ತಿಳಿಯದೆ ಹಣ ಇಡುತ್ತಾರೆ. ಬ್ಯಾಂಕಿನಲ್ಲಿರುವುದು ನನ್ನ ದುಡ್ಡು, ಅದನ್ನು ಅವರು ಕಪಾಟಿನಲ್ಲಿ ಕಾಯುತ್ತಿದ್ದಾರೆ ಎಂಬುದು ಸಾಮಾನ್ಯ ಭಾವನೆ. ಕಾನೂನಿನ ಕಣ್ಣಿನಲ್ಲಿ ಹಾಗಿಲ್ಲ. ಕೌಂಟರಿನಲ್ಲಿ ಎಣಿಸಿ ಕೊಟ್ಟ ಕ್ಷಣದಿಂದ ಆ ಹಣ ಬ್ಯಾಂಕಿನದಾಗುತ್ತದೆ, ನಮ್ಮ ಬಳಿ ಉಳಿಯುವುದು ಕೇಳಿದಾಗ ಅಥವಾ ಅವಧಿ ಮುಗಿದಾಗ ಅಷ್ಟನ್ನು ಹಿಂತಿರುಗಿ ಪಡೆಯುವ ಹಕ್ಕು ಮಾತ್ರ. ಬ್ಯಾಂಕಿನ ಆಸ್ತಿ–ಹೊಣೆಗಾರಿಕೆ ಪಟ್ಟಿಯಲ್ಲಿ ಠೇವಣಿಗಳು ಹೊಣೆಗಾರಿಕೆಯ ಕಡೆ ಇರುತ್ತವೆ, ನಾವು ಪಡೆದ ಸಾಲಗಳು ಆಸ್ತಿಯ ಕಡೆ. ಅಂದರೆ ಠೇವಣಿದಾರ ಬ್ಯಾಂಕಿಗೆ ಸಾಲ ಕೊಟ್ಟವನು. ನಾವು ಒಂದು ಲಕ್ಷ ಸಾಲ ಕೇಳಿದರೆ ಪಹಣಿ, ಚಿನ್ನ, ಇಬ್ಬರು ಜಾಮೀನುದಾರರು, ಖಾಲಿ ಚೆಕ್ಕು ಎಲ್ಲವನ್ನೂ ಕೇಳುವ ಸಂಸ್ಥೆಗೆ ನಾವು ಹತ್ತು ಲಕ್ಷ ಸಾಲ ಕೊಡುವಾಗ ಪಡೆಯುವುದು ಒಂದು ಅಚ್ಚು ಹಾಕಿದ ಬಾಂಡು.

ಮಲೆನಾಡಿನವರು ಇದನ್ನು ಬ್ಯಾಂಕಿನಿಂದ ಕಲಿತದ್ದಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಅಡಿಕೆ ಮಂಡಿಗಳಲ್ಲಿ ಹಿಂದಿನಿಂದಲೂ ಬೆಳೆಗಾರರ ಹಣ ಇದೇ ರೀತಿ ಉಳಿಯುತ್ತಿತ್ತು. ಮಾಲು ಮಂಡಿಗೆ ಹಾಕುವುದು, ಮಾರಿದ ಮೇಲೆ ಪೂರ್ತಿ ಹಣ ಎತ್ತದೆ ಬೇಕೆಂದಾಗ ಬೇಕಾದಷ್ಟು ತರುವುದು, ಮಳೆಗಾಲದ ಖರ್ಚಿಗೂ ಮದುವೆಗೂ ಮುಂದಿನ ಬೆಳೆಯ ಮೇಲೆ ಮುಂಗಡ ಪಡೆಯುವುದು. ಮಂಡಿ ಸಾಹುಕಾರರ ಪುಸ್ತಕದಲ್ಲಿ ಒಮ್ಮೆ ಜಮಾ, ಒಮ್ಮೆ ಬಾಕಿ. ಒಳ್ಳೆಯ ಸಾಹುಕಾರರೂ ಇದ್ದರು, ರಾತ್ರೋರಾತ್ರಿ ಬಾಗಿಲು ಹಾಕಿದವರೂ ಇದ್ದರು. ಈ ಅವಲಂಬನೆಯಿಂದ ಹೊರಬರಲೆಂದೇ ಬೆಳೆಗಾರರು 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವನ್ನು, ನಾವೆಲ್ಲ ಮಾಮ್‌ಕೋಸ್ ಎನ್ನುವುದನ್ನು, ಕಟ್ಟಿಕೊಂಡರು. ಘಟ್ಟದ ಕೆಳಗೆ ಇನ್ನೊಂದು ಬಗೆಯ ಪ್ರಯೋಗ ನಡೆದಿತ್ತು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆ ಬಾಗಿಲಲ್ಲೇ ಸಂಗ್ರಹಿಸತೊಡಗಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಎಂಬ ಹೆಸರು ಎಲ್ಲ ಸೊಸೈಟಿಗಳ ಸೊತ್ತಾಯಿತು. ಇವತ್ತಿಗೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂವು ಮಾರುವವರಿಂದ ಹಿಡಿದು ಬಟ್ಟೆ ಅಂಗಡಿಯವರವರೆಗೆ ಪಿಗ್ಮಿಯವರು ಬರುವ ಹೊತ್ತು ಎಲ್ಲರಿಗೂ ಗೊತ್ತಿರುತ್ತದೆ.

ಪಿಗ್ಮಿಯವರ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಕಮಿಷನ್ನಿಗೆ ದುಡಿಯುವ ಈ ಜನರ ಮುಖ ನೋಡಿಯೇ ಸಣ್ಣ ವ್ಯಾಪಾರಿಗಳು ಹಣ ಕೊಡುವುದು, ಸಂಸ್ಥೆಯ ಬೋರ್ಡು ನೋಡಿ ಅಲ್ಲ. ಸಂಸ್ಥೆ ಮುಳುಗಿದಾಗ ಬೈಸಿಕೊಳ್ಳುವವರೂ, ಸಂತೆಯ ದಿನ ಪೇಟೆಯಲ್ಲಿ ತಲೆ ತಗ್ಗಿಸಿ ನಡೆಯುವವರೂ ಅವರೇ. ನನಗೆ ಪರಿಚಯದ ಒಬ್ಬರು ತಮ್ಮ ಪಿಗ್ಮಿ ಗ್ರಾಹಕರಲ್ಲಿ ತೀರಾ ಬಡವರಾದ ಕೆಲವರಿಗೆ ಸ್ವಂತ ಕೈಯಿಂದ ಹಣ ತೀರಿಸಿದರು. ಹಾಗೆ ಮಾಡಬೇಕೆಂದು ಯಾವ ಕಾನೂನೂ ಅವರನ್ನು ಕೇಳಿರಲಿಲ್ಲ. ಆ ಸಂಸ್ಥೆಯ ನಿರ್ದೇಶಕರಲ್ಲಿ ಹಾಗೆ ಮಾಡಿದವರ ಸುದ್ದಿ ಇಲ್ಲಿಯವರೆಗೆ ಬಂದಿಲ್ಲ.

ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಏನು ಸಿಗುತ್ತದೆ ಎಂಬುದಕ್ಕೆ ಈ ದೇಶದಲ್ಲಿ ಉತ್ತರ ಸಿದ್ಧವಾದದ್ದು ಒಂದು ಆಘಾತದ ನಂತರವೇ. 1960ರಲ್ಲಿ ಲಕ್ಷ್ಮಿ ಬ್ಯಾಂಕ್ ಮತ್ತು ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಕುಸಿದವು. 1961ರಲ್ಲಿ ಠೇವಣಿ ವಿಮಾ ನಿಗಮದ ಕಾಯ್ದೆ ಬಂತು. 1962ರ ಜನವರಿಯಿಂದ ತಲಾ 1,500 ರೂಪಾಯಿವರೆಗೆ ವಿಮೆ ಆರಂಭವಾಯಿತು. ಅದು ಹಂತಹಂತವಾಗಿ ಏರಿ 1993ರಲ್ಲಿ ಒಂದು ಲಕ್ಷಕ್ಕೆ ಬಂದು ನಿಂತಿತು, ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಾಡಲಿಲ್ಲ. 2019ರಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕಿನ ಠೇವಣಿದಾರರು ಬೀದಿಗೆ ಬಂದರು, 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ 35,000 ರೂಪಾಯಿಗಿಂತ ಹೆಚ್ಚು ಹಿಂಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು, ಅದೇ ಫೆಬ್ರವರಿ 4ರಿಂದ ವಿಮೆಯ ಮಿತಿ ಐದು ಲಕ್ಷವಾಯಿತು. 2021ರ ತಿದ್ದುಪಡಿಯ ಪ್ರಕಾರ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕು. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು ಮತ್ತು ಬಡ್ಡಿ ಸೇರಿ ಐದು ಲಕ್ಷ. ಪ್ರೀಮಿಯಂ ಕಟ್ಟುವುದು ಬ್ಯಾಂಕು. ಇದು ಇಡಿಸಿಕೊಳ್ಳುವವರ ಮೇಲೆ ಹೊರಿಸಿದ ಒತ್ತೆ, ಹಾಗಾಗಿ ನನ್ನ ಲೆಕ್ಕದಲ್ಲಿ ಅಪರೂಪದ ಒಳ್ಳೆಯ ಕಾನೂನು.

ಆದರೆ ಮಲೆನಾಡಿನಲ್ಲಿ ಜನರು ಹಣ ಇಡುವ ಬಹಳಷ್ಟು ಜಾಗಗಳು ಈ ವಿಮೆಯ ಹೊರಗಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಪತ್ತಿನ ಸಹಕಾರ ಸಂಘಗಳು, ಬ್ಯಾಂಕಿಂಗ್ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಳು, ಇವ್ಯಾವುದಕ್ಕೂ ಠೇವಣಿ ವಿಮೆ ಇಲ್ಲ. ಬ್ಯಾಂಕು ಕೊಡುವುದಕ್ಕಿಂತ ಒಂದು ಒಂದೂವರೆ ಪರ್ಸೆಂಟ್ ಬಡ್ಡಿ ಹೆಚ್ಚು, ಹಿರಿಯ ನಾಗರಿಕರಿಗೆ ಇನ್ನರ್ಧ, ಕೌಂಟರಿನಲ್ಲಿ ಪರಿಚಯದ ಹುಡುಗ, ಗೋಡೆಯ ಮೇಲೆ ಹಾರ ಹಾಕಿದ ದೇವರ ಪಟ: ನಿವೃತ್ತ ಮೇಷ್ಟರ ಗ್ರಾಚ್ಯುಟಿ ಅಲ್ಲಿಗೆ ಹೋಗುವುದಕ್ಕೆ ಇಷ್ಟು ಸಾಕು. ನಮ್ಮ ತಾಲ್ಲೂಕಿನಲ್ಲಿ ಅಂಥ ಒಂದು ಸಂಸ್ಥೆ ಬಾಗಿಲು ಹಾಕಿದಾಗ ಠೇವಣಿದಾರರಲ್ಲಿ ಅನೇಕರು ಮೊದಲು ಕೇಳಿದ ಪ್ರಶ್ನೆ ಐದು ಲಕ್ಷ ಯಾವಾಗ ಬರುತ್ತದೆ ಎಂಬುದಾಗಿತ್ತು. ಬರುವುದಿಲ್ಲ ಎಂದು ಅವರಿಗೆ ಹೇಳಿದವರು ಆವರೆಗೆ ಯಾರೂ ಇರಲಿಲ್ಲ. ಎಲ್ಲ ಸೊಸೈಟಿಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಹತ್ತಾರು ವರ್ಷ ಒಂದು ಪೈಸೆ ಹೆಚ್ಚುಕಡಿಮೆ ಮಾಡದ ಸಂಘಗಳು ನಮ್ಮಲ್ಲಿ ಎಷ್ಟೋ ಇವೆ, ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಸಹಕಾರದ ದಾರಿ ಈ ನಾಡಿಗೆ ಕೊಟ್ಟದ್ದು ಕಡಿಮೆಯಲ್ಲ.

ತೊಂದರೆ ಇರುವುದು ಸಂಘದ ಚುನಾವಣೆಯಲ್ಲಿ. ಸಹಕಾರ ಸಂಘದಲ್ಲಿ ಮತ ಹಾಕುವವರು ಷೇರು ಪಡೆದ ಸದಸ್ಯರು, ಒಬ್ಬರಿಗೆ ಒಂದೇ ಮತ. ಸಾಲ ಬೇಕೆಂದರೆ ಷೇರು ಪಡೆಯಲೇಬೇಕು. ಠೇವಣಿ ಇಡಲು ನಾಮಮಾತ್ರ ಸದಸ್ಯರಾದರೂ ನಡೆಯುತ್ತದೆ, ಮತ ಇರುವುದಿಲ್ಲ. ಹೀಗಾಗಿ ಎಷ್ಟೋ ಸಂಘಗಳಲ್ಲಿ ದುಡ್ಡು ಇಟ್ಟವರು ಹೊರಗಿರುತ್ತಾರೆ, ದುಡ್ಡು ಪಡೆದವರು ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಸಾಲಗಾರರು ಆರಿಸಿದ ನಿರ್ದೇಶಕರು ಸಾಲ ವಸೂಲಿಗೆ ಎಷ್ಟು ಬಿಗಿಯಾಗಿರಬಲ್ಲರು? ಇದರ ಮೇಲೆ ರಾಜಕೀಯ ಸೇರಿಕೊಳ್ಳುತ್ತದೆ. ಸೊಸೈಟಿ ನಿರ್ದೇಶಕತ್ವ ತಾಲ್ಲೂಕು ರಾಜಕೀಯದ ಮೊದಲ ಮೆಟ್ಟಿಲು, ಅಲ್ಲಿಂದ ಜಿಲ್ಲಾ ಸಹಕಾರ (ಡಿಸಿಸಿ) ಬ್ಯಾಂಕು, ಅಲ್ಲಿಂದ ಟಿಕೆಟ್ಟಿನ ಆಸೆ. ಪ್ರಜಾಪ್ರತಿನಿಧಿ ಕಾಯ್ದೆ ಇಡಿಸುವ ಹತ್ತು ಸಾವಿರವನ್ನು ಮೀರಿದ ಒಂದು ಬಂಡವಾಳ ಈ ಮೆಟ್ಟಿಲುಗಳಲ್ಲಿ ಸಿಗುತ್ತದೆ: ಯಾರಿಗೆ ಸಾಲ ಕೊಡಿಸಿದೆ, ಯಾರ ವಸೂಲಿ ನಿಲ್ಲಿಸಿದೆ ಎಂಬ ಋಣದ ಪಟ್ಟಿ. ಅದಕ್ಕೆ ಬೇಕಾದ ದುಡ್ಡು ಬರುವುದು ಮತವೇ ಇಲ್ಲದ ಠೇವಣಿದಾರರಿಂದ.

ಸರ್ಕಾರವೇ ಇಡೀ ದೇಶವನ್ನು ಠೇವಣಿದಾರರನ್ನಾಗಿ ಮಾಡಿದ ಒಂದು ಸಂದರ್ಭವೂ ನಮ್ಮ ಕಣ್ಣೆದುರೇ ಆಗಿಹೋಗಿದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳ ಚಲಾವಣೆ ನಿಂತಾಗ ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಕಾಲ. ಅಡಿಕೆ ಗೊನೆ ತೆಗೆಯುವವರಿಗೆ, ಸುಲಿಯುವ ಹೆಂಗಸರಿಗೆ ವಾರಕ್ಕೊಮ್ಮೆ ಕೈಗೆ ನಗದು ಕೊಡಲೇಬೇಕು. ಇಲ್ಲಿನ ರೈತರ ಖಾತೆ ಇರುವುದು ಬಹುಪಾಲು ಊರಿನ ಸೊಸೈಟಿ ಮತ್ತು ಡಿಸಿಸಿ ಬ್ಯಾಂಕುಗಳಲ್ಲಿ. ನವೆಂಬರ್ 14ರಂದು ಜಿಲ್ಲಾ ಸಹಕಾರ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಮನೆಯಲ್ಲಿದ್ದ ನೋಟನ್ನು ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕು, ಕಟ್ಟುವ ಹತ್ತಿರದ ಬಾಗಿಲು ಮುಚ್ಚಿದೆ. ಹತ್ತು ಹದಿನೈದು ಮೈಲಿಯ ಆಚೆ ರಾಷ್ಟ್ರೀಕೃತ ಬ್ಯಾಂಕಿನ ಮುಂದೆ ಬೆಳಗಿನ ಬಸ್ಸಿಗೆ ಹೋಗಿ ನಿಂತವರು ಕಪ್ಪು ಹಣದ ಧಣಿಗಳಾಗಿರಲಿಲ್ಲ. ಕೊನೆಗೆ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯೇ ಹೇಳಿದಂತೆ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ಹಿಂದಕ್ಕೆ ಬಂತು. ಒತ್ತಾಯದಿಂದ ಇಡಿಸಿದ ಠೇವಣಿಗೆ ಇಡಿಸಿದವರ ಕಡೆಯಿಂದ ಯಾವ ಒತ್ತೆಯೂ ಇರಲಿಲ್ಲ.

ಹಳೆಯ ಕಾಲದವರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರೇನೋ ಎಂದು ಶಾಸನಗಳನ್ನು ಓದುವಾಗ ಅನಿಸುತ್ತದೆ. ಕನ್ನಡನಾಡಿನ ದೇವಾಲಯಗಳ ದಾನಶಾಸನಗಳಲ್ಲಿ ಇಂತಿಷ್ಟು ಗದ್ಯಾಣ ಹೊನ್ನನ್ನು ಮಹಾಜನರ ವಶಕ್ಕೆ ಕೊಟ್ಟು, ಅಸಲನ್ನು ಮುಟ್ಟದೆ ಅದರ ಬಡ್ಡಿಯಿಂದ ನಂದಾದೀವಿಗೆ ಉರಿಸಬೇಕೆಂದು ಬರೆಸಿದ್ದು ಸಾಕಷ್ಟು ಕಡೆ ಸಿಗುತ್ತದೆ. ಇಟ್ಟವರ ಹೆಸರು, ಇಡಿಸಿಕೊಂಡವರ ಹೆಸರು, ಬಡ್ಡಿಯ ವಿನಿಯೋಗ ಎಲ್ಲವೂ ಊರ ನಡುವಿನ ಕಲ್ಲಿನ ಮೇಲೆ. ಕೊನೆಯಲ್ಲಿ ತಪ್ಪಿ ನಡೆದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು (ಹಸುವನ್ನು) ಕೊಂದ ಪಾಪ ಎಂಬ ಶಾಪ. ಆ ಶಾಪಕ್ಕೆ ಎಲ್ಲರೂ ಹೆದರುತ್ತಿದ್ದರು ಎಂದು ನಂಬುವಷ್ಟು ಮುಗ್ಧತೆ ನನಗಿಲ್ಲ, ಹೆದರದವರು ಇದ್ದುದರಿಂದಲೇ ಅಷ್ಟು ಸಲ ಬರೆಸಬೇಕಾಯಿತು. ಆದರೆ ಶಾಪ ಯಾರ ಕಡೆ ಮುಖ ಮಾಡಿದೆ ಎಂಬುದನ್ನು ನೋಡಬೇಕು. ಅದು ಹೊನ್ನು ಕೊಟ್ಟವನಿಗೆ ಅಲ್ಲ, ಅದನ್ನು ವಶದಲ್ಲಿಟ್ಟುಕೊಂಡವರಿಗೆ.

ಇಡಬೇಕಾದವರೇ ಇಟ್ಟ ಠೇವಣಿಗೆ ನಮ್ಮ ಕಾಲದ ಉದಾಹರಣೆಯೂ ಇದೆ, ಅದರ ಬೇರು ಈ ಜಿಲ್ಲೆಯಲ್ಲೇ ಇದೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಖಾತೆ ಹೊಂದಿದ್ದ ಉಪಮುಖ್ಯಮಂತ್ರಿಯಾಗಿದ್ದಾಗ, 2006–07ರಲ್ಲಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಹೆಣ್ಣುಮಕ್ಕಳ ಹೆಸರಿನಲ್ಲಿ ಸರ್ಕಾರ ಹಣ ತೊಡಗಿಸುವ ಭಾಗ್ಯಲಕ್ಷ್ಮಿ ಯೋಜನೆ ಬಂತು. ಮೊದಲಿಗೆ ಮಗುವಿಗೆ 10,000 ರೂಪಾಯಿ, 2008ರಿಂದ ಮೊದಲ ಹೆಣ್ಣುಮಗುವಿಗೆ 19,300 ರೂಪಾಯಿ; ಜೀವ ವಿಮಾ ನಿಗಮದಲ್ಲಿ ಇಟ್ಟ ಆ 19,300 ರೂಪಾಯಿ ಮಗುವಿಗೆ ಹದಿನೆಂಟು ತುಂಬಿದಾಗ ಸುಮಾರು ಒಂದು ಲಕ್ಷವಾಗಬೇಕು. ಹದಿನೆಂಟಕ್ಕೆ ಮೊದಲು ಮದುವೆ ಮಾಡಬಾರದು, ದುಡಿಯಲು ಕಳುಹಿಸಬಾರದು, ಶಾಲೆ ಬಿಡಿಸಬಾರದು ಎಂಬ ಕಟ್ಟುಪಾಡು ಮನೆಯವರಿಗೆ. ಯೋಜನೆಯ ಹಿಂದೆ ರಾಜಕೀಯ ಲೆಕ್ಕಾಚಾರ ಇರಲಿಲ್ಲವೆಂದು ನಾನು ಹೇಳಲಾರೆ. ಆದರೂ ಮೊದಲ ಮಕ್ಕಳಿಗೆ ಹದಿನೆಂಟು ತುಂಬಿದ 2024ರವರೆಗೆ ಈ ರಾಜ್ಯದ ಮುಖ್ಯಮಂತ್ರಿ ಕುರ್ಚಿಯಲ್ಲಿ ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್, ಸಿದ್ದರಾಮಯ್ಯ, ಬೊಮ್ಮಾಯಿ ಹೀಗೆ ಮೂರು ಪಕ್ಷಗಳ ಆರು ಮಂದಿ ಕುಳಿತೆದ್ದರು. ಹಳೆಯ ಮಕ್ಕಳ ಬಾಂಡುಗಳನ್ನು ಯಾರೂ ಹರಿದು ಹಾಕಲಾಗಲಿಲ್ಲ. ಭರವಸೆ ಪ್ರಣಾಳಿಕೆಯ ಪುಟದಲ್ಲಿ ಉಳಿಯದೆ, ಹಣದ ರೂಪದಲ್ಲಿ ಮೂರನೆಯವರ ಕೈ ಸೇರಿದ್ದೇ ಅದಕ್ಕೆ ಕಾರಣ. ಇತ್ತೀಚೆಗೆ ಬಾಂಡು ಹಿಡಿದು ಅಂಗನವಾಡಿಗೂ ಕಚೇರಿಗೂ ಅಲೆಯುತ್ತಿರುವ ತಾಯಂದಿರನ್ನು ನೋಡುತ್ತಿದ್ದೇನೆ, ದಾಖಲೆಯ ತಕರಾರುಗಳು ಇದ್ದೇ ಇವೆ. ಆದರೆ ಅವರು ಕೇಳುತ್ತಿರುವುದು ದಯೆಯನ್ನಲ್ಲ, ತಮ್ಮ ಮಗಳ ಹೆಸರಿನಲ್ಲಿರುವ ಹಣವನ್ನು.

ಪಕ್ಷಗಳ ಪ್ರಣಾಳಿಕೆಗಳಿಗೂ ಇಂಥ ಒತ್ತೆ ಇರಬೇಕು ಎಂದು ವಾದಿಸುವುದು ಸುಲಭ, ಜಾರಿಗೆ ತರುವುದು ನನ್ನಂಥವನ ಕೈಯಲ್ಲಿ ಇಲ್ಲ. ನನ್ನ ಕೈಗೆ ಎಟುಕುವುದು ನಮ್ಮೂರ ಸೊಸೈಟಿ. ಪ್ರತಿ ಸೆಪ್ಟೆಂಬರಿನಲ್ಲಿ ಸದಸ್ಯರ ಮಹಾಸಭೆ ನಡೆಯುತ್ತದೆ. ವರದಿಯ ಪುಸ್ತಕ ಹಂಚುತ್ತಾರೆ, ಜಮಾ–ಖರ್ಚು ಓದುತ್ತಾರೆ, ಊಟಕ್ಕೆ ಹೊತ್ತಾಯಿತೆಂದು ಎಲ್ಲ ವಿಷಯಗಳನ್ನೂ ಒಟ್ಟಿಗೆ ಅಂಗೀಕರಿಸುತ್ತಾರೆ. ಆಡಿಟ್ ವರ್ಗ ಎ ಇದೆಯೋ, ಬಿ ಆಗಿದೆಯೋ, ಸುಸ್ತಿ ಸಾಲ ಕಳೆದ ವರ್ಷಕ್ಕಿಂತ ಏರಿದೆಯೋ ಎಂದು ಪುಟ ತಿರುವಿ ನೋಡುವವರು ವಿರಳ. ಕಳೆದ ಸಭೆಯಲ್ಲಿ ನಾನು ಒಂದು ನಿರ್ಣಯ ಮಂಡಿಸಿದೆ. ವರದಿಯಲ್ಲಿ ಎರಡು ಸಾಲು ಹೆಚ್ಚಿಗೆ ಅಚ್ಚು ಹಾಕಿಸಬೇಕು: ಆಡಳಿತ ಮಂಡಳಿಯ ಸದಸ್ಯರೆಲ್ಲರೂ ಸೇರಿ ಈ ಸಂಘದಲ್ಲಿ ಇಟ್ಟಿರುವ ಸ್ವಂತ ಠೇವಣಿ ಎಷ್ಟು, ಅವರು ಮತ್ತು ಅವರ ಹತ್ತಿರದ ಬಂಧುಗಳು ಪಡೆದಿರುವ ಸಾಲ ಎಷ್ಟು. ವೇದಿಕೆಯ ಮೇಲೆ ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು, ಬಹುಶಃ ಆ ಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ಠೇವಣಿ ಅವರದೇ ಇರಬೇಕು, ನನ್ನ ಕಡೆ ಬಾಗಿ, "ಕೇಳೋದೇನೋ ಸರಿ ಮಾರಾಯ್ರೇ, ಆದ್ರೆ ಅಲ್ಲಿ ಕೂತಿರೋರೆಲ್ಲ ನಮ್ಮೋರೇ ಅಲ್ವಾ" ಎಂದರು. ಆಮೇಲೆ ಸ್ವಲ್ಪ ಹೊತ್ತು ವರದಿಯ ಪುಸ್ತಕವನ್ನು ತಿರುವಿ ಹಾಕಿ, ಅನುಮೋದಕರ ಜಾಗದಲ್ಲಿ ಸಹಿ ಮಾಡಿಕೊಟ್ಟರು.